ಹಬ್ಬದ ಎಲೆ, ಹೋಟೆಲಿನ ತಟ್ಟೆ

ದೀಪಾವಳಿಗೆ ಮಲೆನಾಡಿನಲ್ಲಿ ‘ದೊಡ್ಡಹಬ್ಬ’ ಎಂದೇ ಹೆಸರು. ಹಿಂದೆಲ್ಲ ಆ ಮೂರು ದಿನ ಸಾಗರ, ಹೊಸನಗರ, ತೀರ್ಥಹಳ್ಳಿಯ ಪೇಟೆಗಳಲ್ಲಿ ಊಟಕ್ಕೆ ಹೋಟೆಲು ಹುಡುಕಿಕೊಂಡು ಹೊರಟವನು ಮುಚ್ಚಿದ ಬಾಗಿಲುಗಳನ್ನು ನೋಡಿ ಮರಳಬೇಕಾಗುತ್ತಿತ್ತು. ಅಡುಗೆಭಟ್ಟರೂ ಮಾಣಿಗಳೂ ಘಟ್ಟ ಇಳಿದು ತಮ್ಮ ಊರು ಸೇರಿರುತ್ತಿದ್ದರು. ಹೋಟೆಲು ತೆರೆದಿದ್ದರೂ ಬರುವ ಗಿರಾಕಿ ಯಾರು? ಹಬ್ಬದ ದಿನ ಹೋಟೆಲಿನಲ್ಲಿ ಉಣ್ಣುವವನನ್ನು ಕಂಡರೆ, ‘ಪಾಪ, ಮನೆಯಲ್ಲಿ ಯಾರೂ ಇಲ್ಲವೇನೋ’ ಎಂದು ಮರುಗುವ ಕಾಲವದು.

ಈಗ ಕಾಲ ತಿರುಗಿದೆ. ಮಳೆ ಹಿಡಿದೊಡನೆ ‘ಇಂದಿನ ವಿಶೇಷ’ದ ಹಲಗೆಯ ಮೇಲೆ ಪತ್ರೊಡೆಯ ಹೆಸರು ಕಾಣುತ್ತದೆ. ಹೋಂಸ್ಟೇಗಳಲ್ಲಿ ಕೊಟ್ಟೆ ಕಡುಬು, ಕಳಲೆ ಪಲ್ಯ ಅತಿಥಿಗಳನ್ನು ಕರೆಯುತ್ತವೆ. ಬೆಂಗಳೂರಿನಲ್ಲಂತೂ ಯುಗಾದಿಯ ಹೋಳಿಗೆ ಊಟ ಡಬ್ಬಿಯಲ್ಲಿ ಕುಳಿತು ಮನೆಬಾಗಿಲಿಗೆ ಬರುತ್ತದೆ. ಹಬ್ಬದ ತಿನಿಸು ಹೋಟೆಲಿಗೆ ಬಂತು, ಸರಿ. ಅದರ ಹಿಂದೆ ಹಬ್ಬವೂ ಬಂತೆ? ಉತ್ತರ ಬೇಕಾದರೆ ಆ ತಿನಿಸುಗಳು ಒಂದೊಂದು ದಿನಕ್ಕೆ ಅಂಟಿಕೊಂಡದ್ದಾದರೂ ಏಕೆ ಎಂಬುದನ್ನು ಮೊದಲು ನೋಡಬೇಕು.

ಎಲೆಯೇ ಪಂಚಾಂಗ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಕೆಲವು ವರ್ಷ ಅದನ್ನೂ ಮೀರಿಸುವುದುಂಟು. ಇಂಥ ಮಳೆಯ ನಾಡಿನಲ್ಲಿ ತಿಂಗಳಿಗೊಂದು ಎಲೆ, ತಿಂಗಳಿಗೊಂದು ಕುಡಿ. ಅಡುಗೆಮನೆ ಅದನ್ನೇ ಅನುಸರಿಸಿತು.

ಪತ್ರೊಡೆಗೆ ಮಲೆನಾಡಿಗರು ಮೆಚ್ಚುವುದು ಮರಕೆಸುವಿನ ಎಲೆಯನ್ನು. ಮರಗಳ ಬೊಡ್ಡೆ, ಕೊಂಬೆಗಳ ಸಂದಿಯಲ್ಲಿ ಮಳೆ ಬಿದ್ದ ಮೇಲೆ ಚಿಗುರಿ, ಮಳೆ ಹಿಂದೆಗೆದಂತೆ ಸೊರಗುವ ಗಿಡ ಇದು. ಕೆಸುವಿನ ಜಾತಿಯ ಎಲೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸೂಜಿಯಂಥ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅವುಗಳಿಂದಲೇ. ಆದುದರಿಂದ ಅಕ್ಕಿ ಹಿಟ್ಟಿನ ಮಸಾಲೆಗೆ ಹುಣಿಸೆಹುಳಿಯನ್ನು ಧಾರಾಳವಾಗಿ ಹಾಕಿ, ಎಲೆಗೆ ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸುವುದು. ಕಳಲೆಯದೂ ಹೀಗೆಯೇ. ಮಳೆಗಾಲದಲ್ಲಿ ನೆಲದಿಂದ ಮೇಲೇಳುವ ಎಳೆ ಬಿದಿರಿನ ಕುಡಿಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಎರಡು ಮೂರು ದಿನ ಕಾದ ಮೇಲೆಯೇ ಅದು ಒಲೆಗೆ ಹೋಗಬೇಕು. ರುಚಿಯ ಜೊತೆಗೆ ಈ ಎಚ್ಚರವೂ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿ ಬಂದಿದೆ.

ಶ್ರಾವಣದ ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು. ಅಕ್ಕಿ ಹಿಟ್ಟು ಸವರಿ, ಕಾಯಿಬೆಲ್ಲದ ಹೂರಣವಿಟ್ಟು, ಮಡಚಿ ಬೇಯಿಸಿದರೆ ಎಲೆಯ ಪರಿಮಳವೆಲ್ಲ ಹಿಟ್ಟಿಗೆ ಇಳಿಯುತ್ತದೆ. ಮುಂಗಾರಿನ ಹೊತ್ತಿಗೆ ನೆಟ್ಟ ಅರಿಶಿನದ ಎಲೆ ಶ್ರಾವಣಕ್ಕೆ ಅಗಲವಾಗಿ ಬಂದಿರುತ್ತದೆ. ಚಳಿಗಾಲಕ್ಕೆ ಒಣಗಿ ಬೀಳುತ್ತದೆ. ದೀಪಾವಳಿಗೆ ಸೌತೆಕಾಯಿಯ ಕಡುಬು, ಏಕೆಂದರೆ ಮಳೆಗಾಲದ ಬಳ್ಳಿಯ ಕಾಯಿ ಆಗ ಅಟ್ಟದಲ್ಲಿ ತೂಗುತ್ತಿರುತ್ತದೆ. ಕಬ್ಬಿನ ಆಲೆಮನೆ ಹೊಗೆಯಾಡುವ ಚಳಿಗಾಲದಲ್ಲಿ ತೊಡೆದೇವು. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಯ ತೆಳುಹಿಟ್ಟನ್ನು, ಕೆಳಗೆ ಉರಿಯಿಟ್ಟು ಬೋರಲು ಹಾಕಿದ ಮಡಕೆಯ ಬೆನ್ನಿನ ಮೇಲೆ ಬಟ್ಟೆಯಿಂದ ಎಳೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸುವ ಕೈಚಳಕದ ತಿನಿಸು.

ಇಷ್ಟನ್ನು ಗಮನಿಸಿದರೆ ಒಂದು ಮಾತು ಹೊಳೆಯುತ್ತದೆ. ಹಬ್ಬಕ್ಕೆ ತಿನಿಸನ್ನು ಯಾರೋ ಕುಳಿತು ಗೊತ್ತುಮಾಡಲಿಲ್ಲ. ಆ ವಾರ ಹಿತ್ತಲು ಏನು ಕೊಟ್ಟಿತೋ ಅದೇ ಹಬ್ಬದ ಅಡುಗೆಯಾಯಿತು. ಹೋಟೆಲಿನ ಧರ್ಮ ಇದಕ್ಕೆ ವಿರುದ್ಧ. ಜ್ಯೇಷ್ಠದಲ್ಲೂ ಮಾಘದಲ್ಲೂ ಅದೇ ಇಡ್ಲಿ, ಅದೇ ದೋಸೆ, ಅದೇ ರುಚಿ ದೊರೆಯಬೇಕು. ನಿನ್ನೆ ತಿಂದದ್ದು ಇಂದೂ ಸಿಗುತ್ತದೆಂಬ ಭರವಸೆಯೇ ಹೋಟೆಲಿನ ಬಂಡವಾಳ.

ಕೈ ಸೇರಿದರೆ ಚಕ್ಕುಲಿ

ಎಲೆಯಷ್ಟೇ ಮುಖ್ಯವಾದದ್ದು ಕೈಗಳ ಲೆಕ್ಕ. ಗಣೇಶ ಚೌತಿಗೆ ಮುಂಚೆ ಸಾಗರ ಸೀಮೆಯ ಹವ್ಯಕರ ಹಳ್ಳಿಗಳಲ್ಲಿ, ಹಾಗೆಯೇ ನೆರೆಯ ಸಿದ್ದಾಪುರ, ಶಿರಸಿಗಳಲ್ಲಿ ‘ಚಕ್ಕುಲಿ ಕಂಬಳ’ ನಡೆಯುತ್ತದೆ. ಕಂಬಳವೆಂದರೆ ಇಲ್ಲಿ ಕೋಣಗಳ ಓಟವಲ್ಲ. ಹತ್ತು ಮನೆಯವರು ಒಂದು ಮನೆಯಲ್ಲಿ ಸೇರಿ ಮಾಡುವ ಕೆಲಸ. ಹೆಂಗಸರು ಹಿಟ್ಟು ಹದಮಾಡಿ ಕೊಡುತ್ತಾರೆ. ಗಂಡಸರು ಸಾಲಾಗಿ ಕುಳಿತು, ಒರಳಿನ ಹಂಗಿಲ್ಲದೆ, ಬೆರಳುಗಳಲ್ಲೇ ಹಿಟ್ಟನ್ನು ಹುರಿಮಾಡುತ್ತ ಸುತ್ತುಸುತ್ತಾಗಿ ಇಳಿಸುತ್ತಾರೆ. ಇಂದು ಈ ಮನೆ, ನಾಳೆ ಆ ಮನೆ. ಸುತ್ತು ಎಷ್ಟು ಬಂತು, ಹುರಿ ಯಾರದು ಚೆಂದ ಎಂಬ ಪಂಥ, ನಗೆಚಾಟಿಕೆ, ಊರಿನ ಸುದ್ದಿ ಎಲ್ಲವೂ ಆ ಬಾಣಲೆಯ ಸುತ್ತಲೇ.

ಈಗ ಆ ಹಳ್ಳಿಗಳ ಅನೇಕ ಮನೆಗಳಲ್ಲಿ ಇರುವವರು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಕಂಬಳಕ್ಕೆ ಕರೆಯಲು ಕೈಗಳಿಲ್ಲ. ಅವರು ಗೃಹೋದ್ಯಮದ ಚಕ್ಕುಲಿ ಕೊಂಡು ಗಣಪತಿಗೆ ನೈವೇದ್ಯ ಮಾಡಿದರೆ ಅದನ್ನು ಕೊರತೆಯೆನ್ನಲಾದೀತೆ? ಹಬ್ಬ ಹಬ್ಬವೆಂದು ಹೊಗಳುವವರು ಮರೆಯುವ ಇನ್ನೊಂದು ಸಂಗತಿಯೂ ಇದೆ. ನಸುಕಿನಿಂದ ಒಲೆಯ ಮುಂದೆ ನಿಂತು, ಎಲ್ಲರ ಊಟವಾದ ಮೇಲೆ ಕೊನೆಯ ಎಲೆಗೆ ಕುಳಿತುಕೊಳ್ಳುತ್ತಿದ್ದವಳು ಮನೆಯ ಹೆಂಗಸು. ಅವಳ ಬೆನ್ನಿನ ಭಾರವನ್ನು ಅಂಗಡಿಯೋ ಹೋಟೆಲೋ ಒಂದಿಷ್ಟು ಇಳಿಸಿದ್ದರೆ ಅದೂ ಲಾಭವೇ.

ಮನುಷ್ಯನಿಗಷ್ಟೇ ಅಲ್ಲದ ಅಡುಗೆ

ಎಲ್ಲ ಹಬ್ಬದ ಅಡುಗೆಯನ್ನೂ ಹೀಗೆ ಕೊಂಡು ತರಲು ಬರುವುದಿಲ್ಲ. ಆಶ್ವಯುಜ ಮಾಸದ ಹುಣ್ಣಿಮೆಯನ್ನು ಮಲೆನಾಡಿನ ರೈತರು ‘ಭೂಮಿ ಹುಣ್ಣಿಮೆ’ ಎನ್ನುತ್ತಾರೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವ ಸಮಯ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಹಬ್ಬದ ಭಾವ. ಸಾಗರದ ಸುತ್ತಿನ ದೀವರ ಮನೆಗಳಲ್ಲಿ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಹಿಂದಿನ ರಾತ್ರಿಯೆಲ್ಲ ಅಡುಗೆ: ಕಾಡು, ಹಿತ್ತಲು, ಗದ್ದೆಬದುಗಳಿಂದ ಆಯ್ದು ತಂದ ಬಗೆಬಗೆಯ ಸೊಪ್ಪು, ತರಕಾರಿಗಳನ್ನು ಕೂಡಿಸಿ ಬೇಯಿಸಿದ ಬೆರಕೆ, ಜೊತೆಗೆ ಕಡುಬು.

ನಸುಕಿಗೆ ಮುಂಚೆ ಬುಟ್ಟಿ ಗದ್ದೆಗೆ ಹೊರಡುತ್ತದೆ. ಸೊಪ್ಪಿನ ಅಡುಗೆಯನ್ನು ಪೈರಿನ ಮೇಲೆ ‘ಚರಗ’ವಾಗಿ ಬೀರುತ್ತಾರೆ. ಪೂಜೆಯಾದ ಮೇಲೆ ಕಾಗೆಗೊಂದು ಎಡೆ, ಇಲಿಗೊಂದು ಎಡೆ. ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂಳುವ ರೂಢಿಯೂ ಉಂಟು. ಆಮೇಲೆ ಮನೆಮಂದಿಯೆಲ್ಲ ಅಲ್ಲಿಯೇ, ಬದುವಿನ ಮೇಲೆ ಕುಳಿತು ಉಣ್ಣುತ್ತಾರೆ.

ಈ ಊಟದಲ್ಲಿ ಮನುಷ್ಯ ಕೊನೆಯ ಅತಿಥಿ. ಬೆಳೆಯನ್ನು ಕದಿಯುವ ಇಲಿಗೂ ಇಲ್ಲಿ ಪಾಲುಂಟು. ಇದನ್ನು ಹೋಟೆಲಿನ ತಟ್ಟೆಯಲ್ಲಿ ಬಡಿಸಿದರೆ ಸೊಪ್ಪಿನ ರುಚಿ ಸಿಕ್ಕೀತು. ಆದರೆ ಅಡುಗೆಯ ಅರ್ಧಭಾಗ ತಿನ್ನುವುದಕ್ಕಲ್ಲ, ಕೊಡುವುದಕ್ಕೆ. ದೀಪಾವಳಿಯ ಗೋವಿನ ಎಡೆಯದೂ ಇದೇ ಮಾತು. ರಾತ್ರಿಯಲ್ಲಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ ಪಂಟಿಗೆಯವರಿಗೆ ದೀಪಕ್ಕೆ ಎಣ್ಣೆ, ಕೈಗೆ ಕಡುಬು, ಹೋಳಿಗೆ ಕೊಡುವುದೂ ಇದೇ ಸಾಲಿನದು. ತಿಂದರೆ ಮುಗಿಯುವ ತಿನಿಸು ಎಲ್ಲಿಗಾದರೂ ಹೋದೀತು. ಕೊಟ್ಟರೆ ಮಾತ್ರ ಪೂರ್ತಿಯಾಗುವ ತಿನಿಸು ತನ್ನ ನೆಲವನ್ನು ಬಿಟ್ಟು ಕದಲುವುದಿಲ್ಲ.

ಜಾತ್ರೆಯಿಂದ ಹೋಟೆಲಿಗೆ

ಹಾಗಾದರೆ ಮನೆಯ ಹೊರಗೆ ಹಬ್ಬದ ತಿನಿಸು ಮಲೆನಾಡಿಗೆ ತೀರ ಹೊಸದೆ? ಅಲ್ಲ, ಅದಕ್ಕೆ ಜಾತ್ರೆಯಿತ್ತು. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲೂ, ತುಂಗೆಯ ದಡದಲ್ಲಿ ತೀರ್ಥಸ್ನಾನ, ತೇರು, ತೆಪ್ಪೋತ್ಸವಗಳೊಡನೆ ನಡೆಯುವ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲೂ ಬೆಂಡು, ಬತ್ತಾಸು, ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಇಲ್ಲದಿದ್ದರೆ ಜಾತ್ರೆಯೇ ಅಲ್ಲ. ದುಡ್ಡು ಕೊಟ್ಟು, ಗುರುತಿಲ್ಲದವರ ಪಕ್ಕ ನಿಂತು ತಿನ್ನುವ ಹಬ್ಬ ಅದು.

ಈ ‘ಗುರುತಿಲ್ಲದವರ ಪಕ್ಕ’ ಎಂಬುದು ಸಣ್ಣ ಮಾತಲ್ಲ. ಮನೆಯ ಹಬ್ಬದ ಪಂಕ್ತಿಗೆ ಜಾತಿಯ ಬೇಲಿ ಇತ್ತು. ಕಡುಬು ಎಲ್ಲರ ಮನೆಯದೇ. ಒಂದು ಮನೆಯಲ್ಲಿ ಅದಕ್ಕೆ ಕಾಯಿಬೆಲ್ಲ ಜೊತೆಯಾದರೆ, ಇನ್ನೊಂದು ಮನೆಯಲ್ಲಿ ಕೋಳಿಸಾರು. ತೀರ್ಥಹಳ್ಳಿ ಸೀಮೆಯ ಗೌಡರ ಮನೆಗಳ ಕಡುಬು ತುಂಡಿನ ಸಂಭ್ರಮವನ್ನು ಕುವೆಂಪು ಅವರ ಓದುಗರು ಬಲ್ಲರು. ಆದರೆ ಒಬ್ಬರ ಹಬ್ಬದ ಕಡುಬು ಇನ್ನೊಬ್ಬರ ನಾಲಿಗೆಗೆ ತಲುಪುತ್ತಿದ್ದುದು ಅಪರೂಪ. ಉಡುಪಿಯ ಕಡೆಯಿಂದ ಬಂದ ಹೋಟೆಲಿನವರು ಕನ್ನಡನಾಡಿನ ಪೇಟೆಗಳಿಗೆ ಕಾಫಿ, ತಿಂಡಿಯ ರೂಢಿ ತಂದಾಗಲೂ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅನೇಕ ಕಡೆ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತು. ಆ ಗೋಡೆ ಬಿದ್ದ ಮೇಲೆ ಹೋಟೆಲು ಮಾಡಿದ ಉಪಕಾರ ದೊಡ್ಡದು. ಇಂದು ಕಾಸು ಕೊಟ್ಟ ಯಾರೂ ಯಾರ ಮನೆಯ ಪತ್ರೊಡೆಯನ್ನಾದರೂ ತಿನ್ನಬಹುದು.

ದಿನ ಮೊದಲೋ, ತಿನಿಸು ಮೊದಲೋ

ಹೊರಜಗತ್ತಿನಲ್ಲೂ ತಿನಿಸಿನ ಹಬ್ಬಗಳು ಎರಡು ಬಗೆಯಲ್ಲಿ ಹುಟ್ಟಿವೆ. ಇಂಗ್ಲೆಂಡಿನ ‘ಪ್ಯಾನ್‌ಕೇಕ್ ದಿನ’ಕ್ಕೆ ಕಾರಣ ಮನೆಯ ಉಗ್ರಾಣ. ಕ್ರೈಸ್ತರ ತಪಸ್ಸಿನ ಕಾಲದ ಉಪವಾಸ ಆರಂಭವಾಗುವ ಮುನ್ನ ಮೊಟ್ಟೆ, ಬೆಣ್ಣೆಗಳನ್ನು ಮುಗಿಸಬೇಕಿತ್ತು. ದೋಸೆಯಂಥ ಆ ತಿನಿಸು ಹುಟ್ಟಿತು. ಅಮೆರಿಕದ ‘ಡೋನಟ್ ದಿನ’ವಾದರೋ 1938ರಲ್ಲಿ ಷಿಕಾಗೊ ನಗರದಲ್ಲಿ ಸಾಲ್ವೇಷನ್ ಆರ್ಮಿ ಸಂಸ್ಥೆ ಗೊತ್ತುಮಾಡಿದ ದಿನ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಡೋನಟ್ ಹಂಚಿದ ಸ್ವಯಂಸೇವಕಿಯರ ನೆನಪು, ಜೊತೆಗೆ ಬಡವರಿಗಾಗಿ ನಿಧಿಸಂಗ್ರಹ ಅದರ ಉದ್ದೇಶ. ಜಪಾನಿನಲ್ಲಿ ಕಡುಬೇಸಿಗೆಯ ಒಂದು ದಿನ ಹಾವುಮೀನು ತಿನ್ನುವ ಪದ್ಧತಿಯಿದೆ. ವ್ಯಾಪಾರವಿಲ್ಲದೆ ಕಂಗಾಲಾದ ಅಂಗಡಿಯವನಿಗೆ 18ನೆಯ ಶತಮಾನದ ಪಂಡಿತ ಹಿರಗ ಗೆನ್ನೈ ಬರೆದುಕೊಟ್ಟ ಫಲಕದಿಂದ ಅದು ಹಬ್ಬಿತೆಂದು ಅಲ್ಲಿಯ ಐತಿಹ್ಯ. ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ ಹುಟ್ಟಿದ ಅವರೆಬೇಳೆ ಮೇಳ ಎರಡನ್ನೂ ಬೆಸೆದ ಉದಾಹರಣೆ: ನಡೆಸುವವರು ವ್ಯಾಪಾರಿಗಳು, ಕಾಲ ಮಾತ್ರ ಸೊಗಡು ಅವರೆಯದು.

ಮಲೆನಾಡಿನ ಹೋಟೆಲುಗಳಿಗೆ ಇಲ್ಲಿ ಒಂದು ಪಾಠವಿದೆ. ತೊಡೆದೇವು ಒಣ ತಿನಿಸಾದ್ದರಿಂದ ಪೊಟ್ಟಣ ಸೇರಿ ವರ್ಷವಿಡೀ ಮಾರಾಟವಾಗುತ್ತಿದೆ. ಹಲವರಿಗೆ ಅದರಿಂದ ಅನ್ನವೂ ದೊರಕಿದೆ. ಆದರೆ ಅರಿಶಿನ ಎಲೆಯ ಕಡುಬನ್ನು ಶ್ರಾವಣಕ್ಕೂ, ಪತ್ರೊಡೆಯನ್ನು ಮಳೆಗೂ ಕಾಯಿಸುವ ಹೋಟೆಲು ಗಿರಾಕಿಗೆ ತಿನಿಸಿನೊಡನೆ ಋತುವನ್ನೂ ಬಡಿಸುತ್ತದೆ. ಎಲೆ ಕೊಯ್ದು ತರುವ ಹಳ್ಳಿಯವನಿಗೂ ನಾಲ್ಕು ಕಾಸು ಸಿಗುತ್ತದೆ. ಮರಕೆಸುವಿರುವ ಮರಕ್ಕೂ ಒಂದು ಬೆಲೆ ಬರುತ್ತದೆ. ‘ಈಗ ಇಲ್ಲ, ಮಳೆ ಬರಲಿ’ ಎಂದು ಹೇಳಬಲ್ಲ ಮಾಣಿ ಆ ಮಟ್ಟಿಗೆ ಪಂಚಾಂಗ ಓದುವ ಪುರೋಹಿತನೂ ಹೌದು.

ಗದ್ದೆಗೆ ಹೊರಡುವ ಬುಟ್ಟಿಯ ಚಿಂತೆ ಬೇರೆಯೇ. 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಗದ್ದೆಗಳನ್ನು ನುಂಗಿತು. ಉಳಿದವುಗಳಲ್ಲಿ ಅನೇಕ ಅಡಿಕೆ ತೋಟಗಳಾಗಿವೆ. ಭತ್ತ ಬಸುರಾಗುವ ಗದ್ದೆಯೇ ಕಡಿಮೆಯಾದರೆ ಬಯಕೆ ತೀರಿಸುವುದು ಯಾರದು? ಆ ಹಬ್ಬಕ್ಕೆ ಹೋಟೆಲಿನಿಂದ ಭಯವೂ ಇಲ್ಲ, ರಕ್ಷಣೆಯೂ ಇಲ್ಲ. ಪತ್ರೊಡೆಯನ್ನು ಉಳಿಸಲು ಒಳ್ಳೆಯ ಅಡುಗೆಯವನು ಸಾಕು. ಭೂಮಿ ಹುಣ್ಣಿಮೆಯ ಕಡುಬು ಉಳಿಯಬೇಕಾದರೆ ಅದನ್ನು ಹೂಳುವುದಕ್ಕೆ ಒಂದು ಗದ್ದೆ ಬೇಕು.