ಆಟವಾಡಿ ಕಲಿಯೋಣ, ಹಟ್ಟಿಯ ದಾರಿ ತೋರೋಣ



ಕಳೆದ ಮಳೆಗಾಲದ ಒಂದು ರಾತ್ರಿ ಬೈಂದೂರು ಕಡೆಯ ಸದಸ್ಯರೊಬ್ಬರಿಂದ ಕರೆ ಬಂತು. ಕರು ಹಾಕಿ ಒಂದು ದಿನವಾದ ಹಸು ನೆಲ ಹಿಡಿದಿತ್ತು. ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕಕ್ಕೆ ಹೊರಳಿತ್ತು. ಲಕ್ಷಣ ಕೇಳಿದಾಗಲೇ ಹಾಲು ಜ್ವರವೆಂದು ಅಂದಾಜಾಯಿತು. "ಅಶ್ವತ್ಥಕಟ್ಟೆ ದಾಟಿ ಹಾಡಿಯ ಬದಿಯಲ್ಲಿ ಬನ್ನಿ ಡಾಕ್ಟ್ರೇ, ಸಂಕದ ಆಚೆ ನಮ್ಮ ಮನೆ" ಎಂದರು. ಆ ಊರಿನಲ್ಲಿ ಕಟ್ಟೆ ಎರಡು, ಸಂಕ ಮೂರು. ಕರೆಂಟ್ ಇರಲಿಲ್ಲ, ಕೇಳೋಣವೆಂದರೆ ಜನರಿಲ್ಲ. ಹುಡುಕಾಟದಲ್ಲೇ ಮುಕ್ಕಾಲು ಗಂಟೆ ಕಳೆಯಿತು. ನಾನು ತಲುಪುವಾಗ ಹಸು ಉಳಿದಿರಲಿಲ್ಲ. ಸಕಾಲದಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ಹಸುಗಳು ಎದ್ದು ನಿಲ್ಲುವ ಕಾಯಿಲೆ ಇದು.

ಆ ಮನೆಯ ಹುಡುಗ ಮೊಬೈಲ್ ಬೆಳಕು ಹಿಡಿದು ನಿಂತಿದ್ದ. ಹಟ್ಟಿ ಎಲ್ಲಿದೆಯೆಂದು ತೋರಿಸುವ ಸಾಧನ ಅವನ ಕೈಯಲ್ಲೇ ಇತ್ತು. ಅವನಿಗೆ ಯಾರೂ ಕಲಿಸಿರಲಿಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಮನೆಮಂದಿಯೆಲ್ಲ ಇದನ್ನು ಆಡುತ್ತಾ ಕಲಿಯಲು ಒಂದು ಒಳ್ಳೆಯ ಆಟವಿದೆ. ಅದರ ಹೆಸರು ಜಿಯೋಕ್ಯಾಶಿಂಗ್.

ಆಟದ ಹುಟ್ಟು

ಅಮೆರಿಕದ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಜನಸಾಮಾನ್ಯರ ಪಾಲಿಗೆ ಬೇಕೆಂದೇ ಮಸುಕು ಮಾಡಲಾಗುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಜನ ಅದನ್ನು ಹುಡುಕಿ ತೆಗೆದರು. ಇಂದು ಈ ಆಟ ಪ್ರಪಂಚದ ಹಲವೆಡೆ ನಡೆಯುತ್ತದೆ.

ಅಂಕೆಗಳ ವಿಳಾಸ

ಕುಂದಾಪುರ ಪೇಟೆಯ ಸ್ಥಾನ ಸುಮಾರು 13.63, 74.69. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ತೆಂಕಣ ಬ್ರಹ್ಮಾವರಕ್ಕೆ ಹೋದರೆ ಅಕ್ಷಾಂಶ 13.43ರ ಆಸುಪಾಸಿಗೆ ಇಳಿಯುತ್ತದೆ; ಬಡಗಣ ಬೈಂದೂರಿಗೆ ಹೋದರೆ 13.87ರ ಆಸುಪಾಸಿಗೆ ಏರುತ್ತದೆ. ಹಟ್ಟಿಯನ್ನು ಗುರುತಿಸಲು ಚುಕ್ಕೆಯ ನಂತರ ಐದು ಅಂಕೆ ಬರೆಯಬೇಕು. ಬಯಲಿನಲ್ಲಿ ಮೊಬೈಲ್ ಸುಮಾರು 5 ಮೀಟರ್ ಆಚೀಚೆ ತೋರಿಸಬಹುದು. ಅಡಿಕೆ ತೋಟದೊಳಗೆ, ಮರಗಳ ಕೆಳಗೆ ವ್ಯತ್ಯಾಸ ಇನ್ನೂ ಹೆಚ್ಚು.

ಆಡುವ ಕ್ರಮ

1. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಚಿಕ್ಕ ಪುಸ್ತಕ, ಪೆನ್ಸಿಲ್ ಮತ್ತು ಒಂದೆರಡು ಆಟಿಕೆ ಇಡಿ. ತಿನಿಸು ಬೇಡ, ಇರುವೆ, ನಾಯಿ ಬರುತ್ತವೆ.

2. ಇಬ್ಬರು ಅದನ್ನು ಸ್ವಂತ ಜಾಗದಲ್ಲಿ ಅಡಗಿಸಲಿ. ಮೊಬೈಲ್‌ನಲ್ಲಿ ಲೊಕೇಶನ್ ಚಾಲೂ ಮಾಡಿ, ನಕ್ಷೆಯಲ್ಲಿ ಆ ಜಾಗವನ್ನು ಒತ್ತಿ ಹಿಡಿದರೆ ಅಂಕೆಗಳು ಕಾಣುತ್ತವೆ. ಚೀಟಿಯಲ್ಲಿ ಬರೆದುಕೊಳ್ಳಿ.

3. ಉಳಿದವರು ಆ ಅಂಕೆಗಳನ್ನು ನಕ್ಷೆಯಲ್ಲಿ ಹಾಕಿ ಹುಡುಕಲಿ. ಕೊನೆಯ ಹತ್ತು ಹೆಜ್ಜೆಗೆ ಕಣ್ಣೇ ಬೇಕು. ಇಲ್ಲಿ ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಸೋಲಿಸುತ್ತಾರೆ.

4. ಸಿಕ್ಕವರು ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಂದು ವಸ್ತು ತೆಗೆದುಕೊಂಡರೆ ಇನ್ನೊಂದನ್ನು ಇಡಬೇಕು.

ಎಚ್ಚರಿಕೆ

ಬೈಹುಲ್ಲಿನ ಕುತ್ರಿಯಲ್ಲಾಗಲಿ, ದನ ಮೇಯುವಲ್ಲಾಗಲಿ ಡಬ್ಬಿ ಇಡಬೇಡಿ. ಮೊಳೆ, ತಂತಿ, ಪ್ಲಾಸ್ಟಿಕ್ ಹಸುವಿನ ಹೊಟ್ಟೆ ಸೇರಿದರೆ ಪ್ರಾಣಕ್ಕೇ ಅಪಾಯ. ನಾಗಬನ, ರೈಲು ಹಳಿ, ಪರರ ತೋಟ ಬೇಡ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಹಾವಿರಬಹುದು. ಘಟ್ಟದ ಬುಡದ ಕಾಡಂಚಿನಲ್ಲಿ ಆಡಿ ಬಂದರೆ ಮೈಮೇಲೆ ಉಣ್ಣಿ ಇದೆಯೇ ಎಂದು ನೋಡಿಕೊಳ್ಳಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣಿಯಿಂದಲೇ ಹರಡುತ್ತದೆ.

ಕೊನೆಯ ಸುತ್ತು

ಆಟ ಕೈವಶವಾದ ಮೇಲೆ ನಿಮ್ಮ ಹಟ್ಟಿಯನ್ನೇ ನಿಧಿಯಾಗಿಡಿ. ಎರಡು ಸ್ಥಾನ ಗುರುತಿಸಿ: ಜೀಪು ಬಂದು ನಿಲ್ಲುವ ಜಾಗ ಒಂದು, ಹಟ್ಟಿ ಇನ್ನೊಂದು. ನಡುವೆ ಕಾಲುಸಂಕವಿದ್ದು ಮಳೆಗಾಲದಲ್ಲಿ ಮುಳುಗುವುದಾದರೆ ಬದಲಿ ದಾರಿಯನ್ನೂ ಬರೆದಿಡಿ. ದೂರದ ನೆಂಟರೊಬ್ಬರಿಗೆ ಅಂಕೆ ಕೊಟ್ಟು, ಯಾರನ್ನೂ ಕೇಳದೆ ಬರಲು ಹೇಳಿ. ಅವರು ತಪ್ಪಿದರೆ ನಾವೂ ತಪ್ಪುತ್ತೇವೆ, ಗುರುತು ಸರಿಪಡಿಸಿ.

ನೆಟ್‌ವರ್ಕ್ ಇಲ್ಲದಿದ್ದರೂ ಮೊಬೈಲ್ ಉಪಗ್ರಹದಿಂದ ಸ್ಥಾನ ತಿಳಿಯಬಲ್ಲದು. ಅದನ್ನು ಕಳುಹಿಸಲು ಮಾತ್ರ ನೆಟ್‌ವರ್ಕ್ ಬೇಕು. ಆದ್ದರಿಂದ ಅಂಕೆಗಳನ್ನು ಹಾಲಿನ ಪಾಸ್ ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ಸಾದಾ ಫೋನಿನಲ್ಲಿಯೂ ಓದಿ ಹೇಳಬಹುದು. ನನಗೆ ಕರೆ ಮಾಡಿದರೂ, ಸಂಚಾರಿ ಪಶು ಚಿಕಿತ್ಸಾ ಘಟಕದ 1962 ಸಂಖ್ಯೆಗೆ ಕರೆ ಮಾಡಿದರೂ, ಹಸುವಿನ ಸ್ಥಿತಿ ಹೇಳಿದ ಮೇಲೆ ಆ ಅಂಕೆಗಳನ್ನೂ ಹೇಳಿ.

ಬರುವ ಭಾನುವಾರ ಬೆಳಗಿನ ಹಾಲು ಡೇರಿಗೆ ಹಾಕಿ ಬಂದ ಮೇಲೆ ಮಕ್ಕಳನ್ನು ಕರೆದುಕೊಂಡು ಆಟ ಆರಂಭಿಸಿ. ಮುಂದಿನ ಭೇಟಿಯಲ್ಲಿ ನಿಮ್ಮ ಪಾಸ್ ಪುಸ್ತಕದ ಮೊದಲ ಪುಟವನ್ನು ನಾನು ಕೇಳಿ ನೋಡುತ್ತೇನೆ.