ಸಣ್ಣ ಗುಂಪಿನ ವಿದೇಶ ಪ್ರವಾಸ: ತಲಾ ದರದ ಹಿಂದಿನ ಲೆಕ್ಕ

ಗುಂಪಾಗಿ ಊರು ಬಿಟ್ಟು ಹೋಗುವುದು ಉಣಕಲ್ ಭಾಗದ ಜನರಿಗೆ ಹೊಸ ಸಂಗತಿಯೇನಲ್ಲ. ಶ್ರೀಶೈಲ, ಪಂಢರಪುರ ಹಾಗೂ ಸವದತ್ತಿಯ ಯಾತ್ರೆಗಳಲ್ಲಿ ಓಣಿಯ ಹಿರಿಯರೊಬ್ಬರು ಹಣ ಕೂಡಿಸಿ, ವಾಹನ ಗೊತ್ತು ಮಾಡಿ, ಮರಳಿದ ನಂತರ ಲೆಕ್ಕ ಒಪ್ಪಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅದೇ ಪದ್ಧತಿ ಈಗ ಸಮುದ್ರ ದಾಟಿದೆ. ಹತ್ತು-ಹದಿನಾರು ಜನರ ಗುಂಪು, ಜೊತೆಗೊಬ್ಬ ಪ್ರವಾಸ ವ್ಯವಸ್ಥಾಪಕ, ಅಲ್ಲಿ ಸ್ಥಳೀಯ ಮಾರ್ಗದರ್ಶಿ, ಆರು ರಾತ್ರಿ-ಏಳು ಹಗಲು ಎಂಬ ನಮೂನೆಯ ಪ್ರವಾಸಗಳು ವರ್ತಕ ಕುಟುಂಬಗಳಿಗೆ ಚಿರಪರಿಚಿತವಾಗಿವೆ. ಆದರೆ ಯಾತ್ರೆಯ ಲೆಕ್ಕ ಬೇರೆ, ವಿದೇಶ ಪ್ರವಾಸದ ಲೆಕ್ಕ ಬೇರೆ. ಎರಡನೆಯದರಲ್ಲಿ ಕರಾರು, ವಿದೇಶಿ ವಿನಿಮಯ ಮತ್ತು ಮೂರು ಬಗೆಯ ತೆರಿಗೆ ನಿಯಮಗಳು ಸೇರಿಕೊಂಡಿವೆ. ಈ ಲೇಖನದಲ್ಲಿ ಶ್ರೀಲಂಕಾ ಪ್ರವಾಸವನ್ನು ಉದಾಹರಣೆಯಾಗಿಟ್ಟುಕೊಂಡು ಅವುಗಳನ್ನು ವಿವರಿಸಲಾಗಿದೆ.

ದೇಶ ಮತ್ತು ಋತು

ಶ್ರೀಲಂಕಾದ ವಿಸ್ತೀರ್ಣ ಸುಮಾರು 65,610 ಚ.ಕಿ.ಮೀ.; ಅಂದರೆ ಕರ್ನಾಟಕದ ಸರಿಸುಮಾರು ಮೂರನೆಯ ಒಂದು ಭಾಗ. ಕೊಲಂಬೊದಿಂದ ಹೊರಟು ಸಿಗಿರಿಯಾದ ಬಂಡೆಕೋಟೆ, ಕ್ಯಾಂಡಿಯ ದಂತಮಂದಿರ, ನುವಾರ ಎಲಿಯದ ಚಹಾ ತೋಟಗಳು ಮತ್ತು ಅದರ ಸಮೀಪದ ಸೀತಾ ದೇವಾಲಯ, ದಕ್ಷಿಣದ ಗಾಲ್ ಕೋಟೆ ಇವಿಷ್ಟನ್ನು ಒಂದೇ ವಾಹನದಲ್ಲಿ ಒಂದು ವಾರದೊಳಗೆ ಸುತ್ತಿ ಬರಬಹುದು. ಯುನೆಸ್ಕೊ ಪಟ್ಟಿಯಲ್ಲಿ ಸೇರಿದ ಎಂಟು ವಿಶ್ವ ಪರಂಪರೆಯ ತಾಣಗಳು ಈ ಪುಟ್ಟ ದ್ವೀಪದಲ್ಲಿವೆ. ಸಣ್ಣ ಗುಂಪಿನ ಪ್ರವಾಸಕ್ಕೆ ಈ ದೇಶ ಹೊಂದಿಕೊಳ್ಳಲು ಇದೇ ಕಾರಣ.

ಉಷ್ಣವಲಯದ ದೇಶವಾದ್ದರಿಂದ ಋತುವಿನ ಲೆಕ್ಕವನ್ನು ಮೊದಲು ಹಾಕಬೇಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತವು ಪಶ್ಚಿಮ ಕರಾವಳಿ ಮತ್ತು ಗುಡ್ಡಗಾಡಿಗೆ ಮಳೆ ತಂದರೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತವು ಪೂರ್ವ ಭಾಗಕ್ಕೆ ಮಳೆ ಸುರಿಸುತ್ತದೆ. ನಡುವಿನ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಮಳೆ ಮತ್ತು ಚಂಡಮಾರುತದ ಸಾಧ್ಯತೆ ಎರಡೂ ಇರುತ್ತವೆ. ದಸರೆ-ದೀಪಾವಳಿಯ ರಜೆ ಬರುವುದು ಇದೇ ಹೊತ್ತಿಗೆ ಎಂಬುದನ್ನು ಗಮನಿಸಬೇಕು. 2025ರ ನವೆಂಬರ್ ಕೊನೆಯಲ್ಲಿ ಅಪ್ಪಳಿಸಿದ ದಿತ್ವಾ ಚಂಡಮಾರುತದಿಂದ ಅಲ್ಲಿ 600ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಗುಡ್ಡಗಾಡಿನ ರಸ್ತೆ ಹಾಗೂ ರೈಲು ಮಾರ್ಗಗಳು ಹಾನಿಗೀಡಾದವು. ಇಂತಹ ಸಂದರ್ಭದಲ್ಲಿ ಕೊಟ್ಟ ಹಣದ ಗತಿಯೇನು ಎಂಬುದನ್ನು ಕರಾರು ಪತ್ರದ ಒಂದು ಸಾಲು ನಿರ್ಧರಿಸುತ್ತದೆ.

ತಲಾ ದರ ಎಂಬ ಭಾಗಾಕಾರ

ಸಣ್ಣ ಗುಂಪಿನ ಪ್ರವಾಸದ ದರವು ಮೂಲತಃ ಒಂದು ಭಾಗಾಕಾರ. ವಾಹನ ಮತ್ತು ಚಾಲಕ, ಮಾರ್ಗದರ್ಶಿ, ವ್ಯವಸ್ಥಾಪಕನ ಟಿಕೆಟ್ ಮತ್ತು ಕೋಣೆ ಇವು ಸ್ಥಿರ ವೆಚ್ಚಗಳು. ಹತ್ತು ಜನ ಬಂದರೂ ಹದಿನಾರು ಜನ ಬಂದರೂ ಹೆಚ್ಚು ಬದಲಾಗುವುದಿಲ್ಲ. ವಿಮಾನ ಟಿಕೆಟ್, ಹೋಟೆಲ್, ಊಟ, ಪ್ರವೇಶ ಶುಲ್ಕ ಇವು ತಲಾ ವೆಚ್ಚಗಳು.

ಲೆಕ್ಕಕ್ಕಾಗಿ ಮಾತ್ರ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಸ್ಥಿರ ವೆಚ್ಚ ಒಟ್ಟು ರೂ. 3,20,000/-, ತಲಾ ವೆಚ್ಚ ರೂ. 55,000/-, ಸಂಘಟಕರ ತಲಾ ಲಾಭ ರೂ. 5,000/- ಎಂದಿಟ್ಟುಕೊಳ್ಳೋಣ. 16 ಜನರಿದ್ದರೆ ಸ್ಥಿರ ವೆಚ್ಚದ ಪಾಲು ತಲಾ ರೂ. 20,000/-, ದರ ರೂ. 80,000/- ಆಗುತ್ತದೆ. ಅದೇ ಲಾಭವಿಟ್ಟು 12 ಜನರಿಗೆ ಹಂಚಿದರೆ ದರ ಸುಮಾರು ರೂ. 86,667/-, 10 ಜನರಿಗಾದರೆ ರೂ. 92,000/-.

ಜಾಹೀರಾತಿನಲ್ಲಿ ಅಚ್ಚಾಗುವುದು ಮಾತ್ರ ರೂ. 80,000/- ಎಂಬ ಒಂದೇ ಅಂಕಿ. ಆ ದರಕ್ಕೆ ಪ್ರತಿ ಪ್ರವಾಸಿಗನಿಂದ ಸ್ಥಿರ ವೆಚ್ಚಕ್ಕೆ ಉಳಿಯುವುದು ರೂ. 25,000/-. ಆದ್ದರಿಂದ 13 ಜನ ಸೇರಿದಾಗ ಮಾತ್ರ ಸಂಘಟಕರು ನಷ್ಟದಿಂದ ಪಾರಾಗುತ್ತಾರೆ. 12 ಜನರಾದರೆ ರೂ. 20,000/-, 10 ಜನರಾದರೆ ರೂ. 70,000/- ನಷ್ಟ. ಹೊರಡುವ ಹದಿನೈದು ದಿನ ಮೊದಲು ಎರಡು ಕುಟುಂಬಗಳು ಹಿಂದೆ ಸರಿದರೆ ಸಂಘಟಕರ ಮುಂದೆ ನಾಲ್ಕೇ ದಾರಿಗಳಿರುತ್ತವೆ: ನಷ್ಟ ಹೊರುವುದು, ಉಳಿದವರಿಂದ ಹೆಚ್ಚುವರಿ ಹಣ ಕೇಳುವುದು, ಹೋಟೆಲಿನ ದರ್ಜೆ ಇಳಿಸುವುದು ಅಥವಾ ಬೇರೆ ಊರಿನ ಗುಂಪಿನೊಂದಿಗೆ ಸೇರಿಸಿ ಕಳಿಸುವುದು. ಪ್ರವಾಸದ ತಕರಾರುಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲಿಂದಲೇ. ದರ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಆ ದರ ಎಷ್ಟು ಜನರ ಮೇಲೆ ನಿಂತಿದೆ ಎಂದು ಕೇಳುವವರು ವಿರಳ. ಭಾಜಕವನ್ನು ತಿಳಿಯದೆ ಭಾಗಲಬ್ಧವನ್ನು ನಂಬುವುದು ವ್ಯಾಪಾರಸ್ಥನಿಗೆ ಶೋಭಿಸದು.

ದರದ ಹೊರಗುಳಿಯುವ ಬಾಬುಗಳನ್ನೂ ನೋಡಬೇಕು. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಕೊಲಂಬೊಗೆ ನೇರ ವಿಮಾನವಿಲ್ಲ. ಬೆಂಗಳೂರು ಅಥವಾ ಚೆನ್ನೈ ಮೂಲಕ ಹೋಗಬೇಕು. ಹುಬ್ಬಳ್ಳಿಯಿಂದ ಅಲ್ಲಿಗೆ ಹೋಗಿ ಬರುವ ಖರ್ಚು ದರದಲ್ಲಿ ಸೇರಿದೆಯೇ ಎಂದು ವಿಚಾರಿಸುವುದು ಅವಶ್ಯ. ಇಬ್ಬರಿಗೆ ಒಂದು ಕೋಣೆ ಎಂಬ ಆಧಾರದ ಮೇಲೆ ದರ ನಿಗದಿಯಾಗಿದ್ದರೆ, ಒಬ್ಬರೇ ಬರುವ ಹಿರಿಯರು ಕೋಣೆಯ ಹೆಚ್ಚುವರಿ ತೆರಬೇಕಾಗುತ್ತದೆ. ಅಲ್ಲದೆ ಸಂಘಟಕರು ಅಲ್ಲಿನ ಸಂಸ್ಥೆಗೆ ಹಣ ಸಂದಾಯ ಮಾಡುವುದು ಸಾಮಾನ್ಯವಾಗಿ ಡಾಲರ್‌ಗಳಲ್ಲಿ. ಮುಂಗಡ ಕೊಟ್ಟ ದಿನದಿಂದ ಹೊರಡುವ ದಿನದವರೆಗೆ ಡಾಲರ್ ಏರಿದರೆ ವ್ಯತ್ಯಾಸ ಯಾರ ಹೆಗಲಿಗೆ ಎಂಬುದು ಲಿಖಿತವಾಗಿರಬೇಕು.

ಜಿ.ಎಸ್.ಟಿ. ಮತ್ತು ಮೂಲದಲ್ಲಿ ತೆರಿಗೆ ಸಂಗ್ರಹ

ಪ್ರವಾಸ ಸಂಘಟಕರ ಸೇವೆಗೆ ಶೇ. 5ರಷ್ಟು ಜಿ.ಎಸ್.ಟಿ. ಇದೆ. ಈ ತೆರಿಗೆಯನ್ನು ಸಂಘಟಕರ ಲಾಭದ ಮೇಲಷ್ಟೇ ಅಲ್ಲದೆ ಪ್ಯಾಕೇಜಿನ ಒಟ್ಟು ಮೊತ್ತದ ಮೇಲೆ ವಿಧಿಸಲಾಗುತ್ತದೆ. ಈ ದರಕ್ಕೆ ಪ್ರತಿಯಾಗಿ, ಇನ್ನೊಬ್ಬ ಪ್ರವಾಸ ಸಂಘಟಕರಿಂದ ಪಡೆದ ಸೇವೆಯನ್ನು ಬಿಟ್ಟರೆ ಉಳಿದ ಖರೀದಿಗಳ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ಸಂಘಟಕರು ಪಡೆಯುವಂತಿಲ್ಲ.

ಎರಡನೆಯದು ಆದಾಯ ತೆರಿಗೆ ಕಾನೂನಿನ ಮೂಲದಲ್ಲಿ ತೆರಿಗೆ ಸಂಗ್ರಹ, ಅಂದರೆ ಟಿ.ಸಿ.ಎಸ್. ವಿದೇಶ ಪ್ರವಾಸ ಪ್ಯಾಕೇಜಿಗೆ ಇದು 2020ರ ಅಕ್ಟೋಬರ್ 1ರಿಂದ ಶೇ. 5ರ ದರದಲ್ಲಿ ಜಾರಿಗೆ ಬಂದಿತು. 2023ರ ಅಕ್ಟೋಬರ್ 1ರಿಂದ ವರ್ಷಕ್ಕೆ ರೂ. 7 ಲಕ್ಷದವರೆಗೆ ಶೇ. 5, ಅದಕ್ಕೂ ಮೇಲ್ಪಟ್ಟ ಮೊತ್ತಕ್ಕೆ ಶೇ. 20 ಆಯಿತು. 2025ರ ಏಪ್ರಿಲ್ 1ರಿಂದ ಆ ಮಿತಿ ರೂ. 10 ಲಕ್ಷಕ್ಕೆ ಏರಿತು. 2026-27ರ ಕೇಂದ್ರ ಮುಂಗಡಪತ್ರವು ಮೊತ್ತದ ಮಿತಿಯನ್ನೇ ತೆಗೆದುಹಾಕಿ ದರವನ್ನು ಶೇ. 2ಕ್ಕೆ ಇಳಿಸಿತು. ಮೇಲಿನ ಉದಾಹರಣೆಯಲ್ಲಿ ರೂ. 80,000/-ಕ್ಕೆ ಜಿ.ಎಸ್.ಟಿ. ರೂ. 4,000/- ಸೇರಿ ರೂ. 84,000/-, ಈ ಒಟ್ಟು ಪಾವತಿಯ ಮೇಲೆ ಟಿ.ಸಿ.ಎಸ್. ಲೆಕ್ಕ ಹಾಕಿದರೆ ರೂ. 1,680/-. ಕೈಯಿಂದ ಹೋಗುವುದು ರೂ. 85,680/-.

ಇವೆರಡರ ನಡುವಿನ ಭೇದವನ್ನು ಅರಿಯುವುದು ಅಗತ್ಯ. ಜಿ.ಎಸ್.ಟಿ. ಮರಳಿ ಬಾರದ ಖರ್ಚು. ಟಿ.ಸಿ.ಎಸ್. ಖರ್ಚಲ್ಲ, ಅದು ಪ್ರವಾಸಿಗನ ಪ್ಯಾನ್ ಸಂಖ್ಯೆಗೆ ಜಮೆಯಾಗುವ ಮುಂಗಡ ತೆರಿಗೆ. ವಾರ್ಷಿಕ ವಿವರಪಟ್ಟಿ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದರೆ ಮರಳಿ ಪಡೆಯಬಹುದು. ಪ್ಯಾನ್ ಕೊಡದಿದ್ದರೆ ದರವೂ ಹೆಚ್ಚುತ್ತದೆ, ಜಮೆಯೂ ಕೈತಪ್ಪುತ್ತದೆ. ಬರೀ ವಿಮಾನ ಟಿಕೆಟ್ ಅಥವಾ ಬರೀ ಹೋಟೆಲ್ ಕೋಣೆ ಕೊಂಡರೆ ಅದು ಪ್ಯಾಕೇಜ್ ಆಗುವುದಿಲ್ಲ. ಟಿಕೆಟ್, ವಸತಿ ಮತ್ತು ಇತರ ಖರ್ಚು ಇವುಗಳಲ್ಲಿ ಕನಿಷ್ಠ ಎರಡು ಸೇರಿರಬೇಕೆಂದು ಕೇಂದ್ರೀಯ ನೇರ ತೆರಿಗೆ ಮಂಡಳಿಯು 2023ರ ಜೂನ್ 30ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.

ಇನ್ನೆರಡು ನಿಯಮಗಳು ಕುಟುಂಬದ ಯಜಮಾನರಿಗೆ ಸಂಬಂಧಿಸಿವೆ. ಒಂದು ಸಂದರ್ಭಕ್ಕೆ ಸಂಬಂಧಿಸಿ ಒಬ್ಬ ವ್ಯಕ್ತಿಯಿಂದ ರೂ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವಂತಿಲ್ಲ. ನಾಲ್ವರ ಕುಟುಂಬದ ಪ್ರವಾಸಕ್ಕೆ ಯಜಮಾನರು ಕಂತುಗಳಲ್ಲಿ ನಗದು ಕೊಟ್ಟರೂ ಇದು ಅನ್ವಯಿಸುತ್ತದೆ. ತನ್ನ ಅಥವಾ ಇತರರ ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ ರೂ. 2 ಲಕ್ಷಕ್ಕಿಂತ ಹೆಚ್ಚು ವೆಚ್ಚ ಮಾಡಿದವರು, ಆದಾಯವು ತೆರಿಗೆ ಮಿತಿಗಿಂತ ಕಡಿಮೆಯಿದ್ದರೂ ವಿವರಪಟ್ಟಿ ಸಲ್ಲಿಸಲೇಬೇಕು.

ಓಣಿಯ ಹಿರಿಯರು ಸಂಘಟಕರಾಗುವುದು ಯಾವಾಗ?

ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಾಗಲಿ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಾಗಲಿ, ಸ್ನೇಹಿತರ ಪರವಾಗಿ ಒಬ್ಬರು ಹಣ ಕೂಡಿಸಿ ಪ್ರವಾಸ ಗೊತ್ತು ಮಾಡಿದರೆ ಅವರ ಸ್ಥಾನವೇನು? ಪ್ರತಿಯೊಬ್ಬರೂ ನೋಂದಾಯಿತ ಸಂಸ್ಥೆಗೆ ನೇರವಾಗಿ ಹಣ ಕೊಟ್ಟು ತಮ್ಮ ಹೆಸರಿಗೆ ಬಿಲ್ ಪಡೆದರೆ ಹಿರಿಯರು ಹಿರಿಯರಾಗಿಯೇ ಉಳಿಯುತ್ತಾರೆ. ತಾವೇ ಹಣ ಪಡೆದು, ಟಿಕೆಟ್ ಮತ್ತು ಹೋಟೆಲ್ ಕೊಂಡು, ಮೇಲೆ ಲಾಭವಿಟ್ಟು ಕೊಟ್ಟರೆ ಅದು ವ್ಯವಹಾರವಾಗುತ್ತದೆ. ಸೇವೆಗಳಿಗೆ ಜಿ.ಎಸ್.ಟಿ. ನೋಂದಣಿಯ ಮಿತಿ ವಾರ್ಷಿಕ ರೂ. 20 ಲಕ್ಷ, ಎಣಿಸುವುದು ಒಟ್ಟು ವಹಿವಾಟನ್ನು, ಲಾಭವನ್ನಲ್ಲ. 16 ಜನರಿಂದ ತಲಾ ರೂ. 80,000/- ಪಡೆದರೆ ಒಂದು ಪ್ರವಾಸಕ್ಕೆ ರೂ. 12,80,000/-. ವರ್ಷಕ್ಕೆ ಎರಡು ಗುಂಪು ಕಳಿಸಿದರೆ ಮಿತಿ ದಾಟಿತು. ಈಗಾಗಲೇ ಅಂಗಡಿಯ ವ್ಯವಹಾರಕ್ಕೆ ನೋಂದಣಿ ಇದ್ದವರಿಗಂತೂ ಮೊದಲ ಗುಂಪಿನಿಂದಲೇ ತೆರಿಗೆ ಅನ್ವಯ. ಪ್ಯಾಕೇಜ್ ಮಾರಿದವರಾಗಿ ಟಿ.ಸಿ.ಎಸ್. ಹೊಣೆಯನ್ನೂ ಪರಿಶೀಲಿಸಿಕೊಳ್ಳಬೇಕು.

ಕಂಪನಿ ಕಳಿಸುವ ಪ್ರವಾಸ

ಸಿಮೆಂಟ್, ಬಣ್ಣ, ಬಿತ್ತನೆ ಬೀಜ ಮುಂತಾದ ವ್ಯಾಪಾರಗಳಲ್ಲಿ ಮಾರಾಟದ ಗುರಿ ಮುಟ್ಟಿದ ಡೀಲರ್‌ಗಳನ್ನು ವಿದೇಶ ಪ್ರವಾಸಕ್ಕೆ ಕಳಿಸುವ ರೂಢಿಯಿದೆ. ಇದು ಉಚಿತವೆಂದು ತೋರಿದರೂ ಕಾನೂನಿನ ದೃಷ್ಟಿಯಲ್ಲಿ ವ್ಯಾಪಾರದಿಂದ ದೊರೆತ ಲಾಭ. ವರ್ಷದಲ್ಲಿ ಇಂತಹ ಸೌಲಭ್ಯದ ಮೌಲ್ಯ ರೂ. 20,000/- ಮೀರಿದರೆ ಕೊಡುವ ಕಂಪನಿಯು ಶೇ. 10ರಷ್ಟು ತೆರಿಗೆ ಕಡಿತದ ಹೊಣೆ ಹೊರಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಡೀಲರ್ ಆ ಮೌಲ್ಯವನ್ನು ತನ್ನ ಆದಾಯದಲ್ಲಿ ತೋರಿಸಬೇಕು. ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅದು ಕಾಣಿಸಿಕೊಂಡು ವಿವರಪಟ್ಟಿಯಲ್ಲಿ ಕಾಣದಿದ್ದರೆ ನೋಟಿಸು ಬರುವುದು ಸಹಜ. ಹಾಗೆಯೇ ಸ್ವಂತ ಖರ್ಚಿನಲ್ಲಿ ಮಾಡಿದ ಕುಟುಂಬ ಪ್ರವಾಸವನ್ನು ಅಂಗಡಿಯ ಪ್ರಯಾಣ ವೆಚ್ಚದಲ್ಲಿ ಬರೆಯುವುದು ತಪ್ಪು. ಅದು ಮಾಲೀಕರ ಸ್ವಂತ ಖರ್ಚಿನ ಖಾತೆಗೆ ಸೇರತಕ್ಕದ್ದು.

ತಕರಾರು ಬಂದಾಗ

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಸಂಘಟಕರ ಕಚೇರಿ ಮುಂಬಯಿ ಅಥವಾ ಬೆಂಗಳೂರಿನಲ್ಲಿದ್ದರೂ ಉಣಕಲ್ಲಿನ ಪ್ರವಾಸಿಗರು ಧಾರವಾಡದ ಜಿಲ್ಲಾ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲ. ಕೊಟ್ಟ ಹಣ ರೂ. 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಆಯೋಗದ ಮುಂದೆ ಇಡಲು ಕಾಗದ ಬೇಕು. ನಗದು ಕೊಟ್ಟು, ಬಿಲ್ ಬೇಡವೆಂದು ಜಿ.ಎಸ್.ಟಿ. ಉಳಿಸಿದವರ ಬಳಿ ಸಾಕ್ಷಿಯೇ ಇರುವುದಿಲ್ಲ. ತಲಾ ರೂ. 4,000/- ಉಳಿಸಲು ಹೋಗಿ ರೂ. 80,000/-ದ ಹಕ್ಕನ್ನು ಕಳೆದುಕೊಂಡಂತೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂಬ ಗಾದೆ ಇಂತಹ ವ್ಯವಹಾರಕ್ಕೇ ಹೇಳಿದಂತಿದೆ.

ಮುಂಗಡ ಕೊಡುವ ಮೊದಲು ಲಿಖಿತವಾಗಿ ಪಡೆಯಬೇಕಾದ ಅಂಶಗಳು:

1. ದರವು ಎಷ್ಟು ಜನರ ಆಧಾರದ ಮೇಲಿದೆ, ಕನಿಷ್ಠ ಸಂಖ್ಯೆ ಎಷ್ಟು, ಅದು ತುಂಬದಿದ್ದರೆ ಯಾವ ದಿನಾಂಕದೊಳಗೆ ತಿಳಿಸಿ ಪೂರ್ಣ ಹಣ ಮರಳಿಸಲಾಗುವುದು.
2. ಬೇರೆ ಗುಂಪಿನೊಂದಿಗೆ ಸೇರಿಸುವ ಅಥವಾ ಹೋಟೆಲ್ ಬದಲಿಸುವ ಅಧಿಕಾರ ಸಂಘಟಕರಿಗಿದೆಯೇ, ಇದ್ದರೆ ಪ್ರವಾಸಿಗನ ಒಪ್ಪಿಗೆ ಬೇಕೇ.
3. ಪ್ರವಾಸಿಗನೇ ರದ್ದು ಮಾಡಿದರೆ ದಿನವಾರು ಕಡಿತವೆಷ್ಟು. ಚಂಡಮಾರುತ, ಗಲಭೆ ಮುಂತಾದ ಕಾರಣಗಳಿಗೆ ರದ್ದಾದರೆ ಯಾವ ಬಾಬಿನ ಹಣ ಮರಳುವುದು.
4. ಡಾಲರ್ ಏರಿಕೆ, ವೀಸಾ ಶುಲ್ಕ ಮತ್ತು ಹುಬ್ಬಳ್ಳಿಯಿಂದ ಹೋಗಿ ಬರುವ ಖರ್ಚು ಯಾರದು.
5. ಜಿ.ಎಸ್.ಟಿ. ನೋಂದಣಿ ಸಂಖ್ಯೆಯಿರುವ ಬಿಲ್, ಟಿ.ಸಿ.ಎಸ್. ಪ್ರಮಾಣಪತ್ರ ಮತ್ತು ಪ್ರವಾಸ ವಿಮೆಯ ಪ್ರತಿ.

ಇವುಗಳನ್ನು ಬರೆದುಕೊಡಲು ಪ್ರಾಮಾಣಿಕ ಸಂಘಟಕರು ಹಿಂಜರಿಯುವುದಿಲ್ಲ. ಹದಿಮೂರನೆಯ ಪ್ರವಾಸಿಗ ಬಾರದಿದ್ದಾಗ ಅವರನ್ನೂ ಕಾಯುವುದು ಇದೇ ಕಾಗದ. ಅಂಗಡಿಗೆ ಬರುವ ಒಂದು ಲಾರಿ ಮಾಲನ್ನು ತೂಗಿ, ಎಣಿಸಿ, ಬಿಲ್ ನೋಡಿ ಇಳಿಸಿಕೊಳ್ಳುವ ವರ್ತಕರು, ಕುಟುಂಬದ ಏಳು ದಿನಗಳನ್ನು ಬಾಯಿಮಾತಿನ ಮೇಲೆ ಬಿಡದಿರುವುದು ಒಳಿತು.