ಗಂಟೆ ಬಾರಿಸದ ಶಾಲೆ

ಏಳನೆಯ ತರಗತಿಯವರೆಗೆ ಒಬ್ಬಿಬ್ಬರು ಉಪಾಧ್ಯಾಯಿನಿಯರ ಮಮತೆಯ ನೆರಳಿನಲ್ಲಿ, ತನ್ನದೇ ಎಂದು ರೂಢಿಯಾದ ಬೆಂಚಿನ ಅಂಚಿನಲ್ಲಿ ಕುಳಿತು, ಕೆಲವನ್ನು ಕಲಿತು ಕೆಲವನ್ನು ಬಿಟ್ಟು, ಅಂತೂ ಶಾಲೆಗೆ ಹೋಗಿಬರುವ ಅಭ್ಯಾಸವನ್ನು ಉಳಿಸಿಕೊಂಡು ಬಂದ ಆಟಿಸಂ ಇರುವ ಮಗುವನ್ನು ಮುಂದೆ ಯಾವ ಪ್ರೌಢಶಾಲೆಗೆ ಸೇರಿಸುವುದು ಎಂಬ ಚಿಂತೆ, ಅದನ್ನು ಹೊತ್ತ ತಂದೆತಾಯಿಗಳಿಗಲ್ಲದೆ ಇತರರಿಗೆ ಸುಲಭವಾಗಿ ತಿಳಿಯತಕ್ಕುದಲ್ಲ. ನೆಂಟರಿಷ್ಟರು ಶಾಲೆಯ ಫಲಿತಾಂಶವನ್ನು ವಿಚಾರಿಸುತ್ತಾರೆ. ಮನೆಯವರು ಮೊದಲು ವಿಚಾರಿಸಬೇಕಾದದ್ದು ಅಲ್ಲಿನ ಗಂಟೆಯನ್ನು.

ಇದನ್ನು ವಿನೋದಕ್ಕೆ ಹೇಳಿದ್ದಲ್ಲ. ಪ್ರೌಢಶಾಲೆಯಲ್ಲಿ ಮುಕ್ಕಾಲು ತಾಸಿಗೊಮ್ಮೆ ಗಂಟೆ ಬಾರಿಸುತ್ತದೆ. ಬಾರಿಸಿದಾಗಲೆಲ್ಲ ಮೇಷ್ಟರು ಬದಲಾಗುತ್ತಾರೆ, ವಿಷಯ ಬದಲಾಗುತ್ತದೆ, ಕೆಲವೊಮ್ಮೆ ಕೋಣೆಯೇ ಬದಲಾಗುತ್ತದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯರಾದ ಲಿಯೊ ಕ್ಯಾನರ್ ತಾವು ಕಂಡ ಇಂತಹ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದಾಗ, ಆ ಮಕ್ಕಳಲ್ಲಿ ಅವರು ಎತ್ತಿ ತೋರಿಸಿದ ಲಕ್ಷಣಗಳಲ್ಲಿ ಒಂದು, ಸುತ್ತಣ ಜಗತ್ತು ಇದ್ದಂತೆಯೇ ಇರಬೇಕೆಂಬ ತೀವ್ರವಾದ ಹಂಬಲ. ಅಂತಹ ಹಂಬಲವುಳ್ಳ ಮಗುವನ್ನು, ದಿನಕ್ಕೆ ಏಳೆಂಟು ಸಲ ಜಗತ್ತನ್ನು ಬದಲಾಯಿಸುವ ವೇಳಾಪಟ್ಟಿಯೊಳಗೆ, ಅದೂ ಹರೆಯವು ಶರೀರವನ್ನೇ ಬದಲಾಯಿಸುತ್ತಿರುವ ವಯಸ್ಸಿನಲ್ಲಿ ಕೂರಿಸಿ, ಅದು ಕಿವಿ ಮುಚ್ಚಿಕೊಂಡಿತೆಂದು ದೂರುವುದು ನ್ಯಾಯವೆ?

ನಮ್ಮಲ್ಲಿ ಕಾನೂನು ಈ ಮಕ್ಕಳ ಪಕ್ಷದಲ್ಲಿಯೇ ಇದೆ. ಶಿಕ್ಷಣದ ಹಕ್ಕಿನ 2009ರ ಶಾಸನವು ಉಚಿತ ಶಿಕ್ಷಣವನ್ನು 14 ವರ್ಷಕ್ಕೆ ನಿಲ್ಲಿಸಿದರೆ, ಆಟಿಸಂ ಅನ್ನೂ ಒಳಗೊಂಡು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದ 2016ರ ಅಂಗವಿಕಲರ ಹಕ್ಕುಗಳ ಶಾಸನವು, ಶೇಕಡ 40ಕ್ಕೆ ಕಡಮೆಯಲ್ಲದ ವೈಕಲ್ಯವುಳ್ಳ ಮಗುವಿಗೆ ಅದನ್ನು 18ರವರೆಗೆ ವಿಸ್ತರಿಸಿತು. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನೂ ಮಗುವಿನ ಕಡೆಗೇ ಬಿಟ್ಟಿತು. ಆದರೆ ಶಾಸನದ ವಾಕ್ಯಕ್ಕೂ ಮುಖ್ಯೋಪಾಧ್ಯಾಯರ ಕೋಣೆಗೂ ನಡುವೆ ಇರುವ ದೂರವನ್ನು ಬಲ್ಲವರೇ ಬಲ್ಲರು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಆರು ವಿಷಯಗಳು. ಅವುಗಳಲ್ಲಿ ಮೂರು ಭಾಷೆಗಳು. ಮಾತೇ ತಡವಾಗಿ ಬಂದ ಮಗುವಿಗೆ ಮೂರು ಭಾಷೆಗಳ ವ್ಯಾಕರಣವೆಂದರೆ ಹೊರೆಯ ಮೇಲೆ ಹೊರೆ. ಭಾಷೆಯ ವಿನಾಯಿತಿಗೆ, ಮಗುವಿನ ಪರವಾಗಿ ಉತ್ತರ ಬರೆಯುವ ಬರೆಹಗಾರನ ನೆರವಿಗೆ, ಹೆಚ್ಚುವರಿ ಕಾಲಾವಕಾಶಕ್ಕೆ ನಿಯಮದಲ್ಲಿ ಆಸ್ಪದವುಂಟು. ಆದರೆ ಅವೆಲ್ಲವೂ ವೈದ್ಯಕೀಯ ಪ್ರಮಾಣಪತ್ರದೊಡನೆ ಶಾಲೆಯ ಮೂಲಕ ಮುಂಚಿತವಾಗಿ ಕೇಳಿ ಪಡೆಯಬೇಕಾದವು, ತಾವಾಗಿ ಒದಗತಕ್ಕವಲ್ಲ.

ನೆರೆಯ ಪ್ರೌಢಶಾಲೆ, ವಿಶೇಷ ಶಾಲೆ, ಈ ಎರಡರ ಆಚೆಗೆ ಮೂರನೆಯದೊಂದು ಸಂಸ್ಥೆಯುಂಟು. ಅದರ ಹೆಸರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಪೋಷಕರ ಬಾಯಲ್ಲಿ ಎನ್‌ಐಓಎಸ್. 1979ರಲ್ಲಿ ಸಿಬಿಎಸ್‌ಇ ಮಂಡಲಿಯ ಒಂದು ಪ್ರಯೋಗವಾಗಿ ಮೊದಲಾದ ಈ ಕಾರ್ಯವು 1989ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, 2002ರಲ್ಲಿ ಈಗಿನ ಹೆಸರನ್ನು ತಳೆಯಿತು. ಕೇಂದ್ರಸ್ಥಾನ ದೆಹಲಿಯ ಮಗ್ಗುಲಿನ ನೋಯಿಡಾ. ಪ್ರಾದೇಶಿಕ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಇದು ಆಟಿಸಂಗಾಗಿ ಹುಟ್ಟಿದ ಶಾಲೆಯಲ್ಲ. ನಡುವೆ ಓದು ಬಿಟ್ಟವರು, ದುಡಿದು ಓದುವವರು, ಗೃಹಿಣಿಯರು, ಕ್ರೀಡಾಪಟುಗಳು, ಹೀಗೆ ಗಂಟೆಗೆ ಒಗ್ಗದ ಎಲ್ಲರಿಗಾಗಿಯೂ ತೆರೆದ ಛತ್ರವಿದು. ಈ ಮಕ್ಕಳೂ ಅದರ ಜಗಲಿಯಲ್ಲಿ ಎಡೆ ಕಂಡುಕೊಂಡರು.

ಇಲ್ಲಿನ ಏರ್ಪಾಡನ್ನು ತುಸು ನಿಧಾನವಾಗಿ ನೋಡತಕ್ಕುದು. ಹತ್ತನೆಯ ತರಗತಿಗೆ ಸಮಾನವಾದ ಹಂತಕ್ಕೆ ಸೇರಲು 14 ವರ್ಷ ತುಂಬಿರಬೇಕು, ಮೇಲಿನ ಮಿತಿಯೆಂಬುದಿಲ್ಲ. ಐದು ವಿಷಯಗಳಲ್ಲಿ ತೇರ್ಗಡೆಯಾದರೆ ಸಾಕು, ಅವುಗಳಲ್ಲಿ ಒಂದು ಭಾಷೆಯಾಗಿರಬೇಕು. ಆ ಭಾಷೆ ಕನ್ನಡವೂ ಆಗಬಹುದು. ಉಳಿದ ನಾಲ್ಕನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳುತ್ತಾನೆ. ಚಿತ್ರಕಲೆ, ಗೃಹವಿಜ್ಞಾನ, ಗಣಕಯಂತ್ರಕ್ಕೆ ದತ್ತಾಂಶ ತುಂಬುವ ಕೆಲಸ, ಇವೂ ಪಟ್ಟಿಯಲ್ಲಿವೆ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶಗಳು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ. ಈ ಸಲ ಒಂದೇ ವಿಷಯ ಬರೆದು, ಉಳಿದುದನ್ನು ಮನಸ್ಸು ಹದಕ್ಕೆ ಬಂದಾಗ ಬರೆಯಬಹುದು. ತೇರ್ಗಡೆಯಾದ ವಿಷಯ ಕೈಬಿಟ್ಟು ಹೋಗದು. ಬೇರೆ ಮಂಡಲಿಯಲ್ಲಿ ಗೆದ್ದ ಎರಡು ವಿಷಯಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲೂಬಹುದಾದ್ದರಿಂದ, ಮೊದಲು ನೆರೆಯ ಶಾಲೆಯಲ್ಲಿ ಪ್ರಯತ್ನಿಸಿ ಸೋತವನ ಶ್ರಮವೂ ಪೂರ್ತಿ ನೀರುಪಾಲಾಗುವುದಿಲ್ಲ.

ಗಣಿತವನ್ನು ಬಿಡಬಹುದೆಂಬ ಸ್ವಾತಂತ್ರ್ಯವನ್ನು ಮಾತ್ರ ಆತುರದಲ್ಲಿ ಬಳಸಬಾರದು. ಆಟಿಸಂ ಇರುವ ಮಕ್ಕಳಲ್ಲಿ ಕೆಲವರಿಗೆ ಭಾಷೆಯೇ ಬೆಟ್ಟ, ಗಣಿತವೇ ಬಯಲು. ಅಂಥವರ ಕೈಯಿಂದ ಗಣಿತವನ್ನು ಕಿತ್ತುಕೊಂಡರೆ ಮುಂದೆ ವಿಜ್ಞಾನದ, ಪಾಲಿಟೆಕ್ನಿಕ್ಕಿನ ದಾರಿಗಳನ್ನು ನಾವೇ ಮುಚ್ಚಿದಂತಾಗುತ್ತದೆ.

ಇಷ್ಟೆಲ್ಲ ಅನುಕೂಲಗಳ ನಡುವೆ ಒಂದು ಕೊರತೆ ದೊಡ್ಡದು. ಮುಕ್ತಶಾಲೆ ಪುಸ್ತಕ ಕೊಡುತ್ತದೆ, ಪರೀಕ್ಷೆ ನಡೆಸುತ್ತದೆ, ಪ್ರಮಾಣಪತ್ರ ಕೊಡುತ್ತದೆ. ಅಂಗಳವನ್ನು ಮಾತ್ರ ಕೊಡುವುದಿಲ್ಲ. ಬೆಳಗ್ಗೆ ಎದ್ದು ಸಮವಸ್ತ್ರ ತೊಟ್ಟು ಹೊರಡುವ ಕ್ರಮ, ಊಟದ ಡಬ್ಬಿ ಬಿಚ್ಚುವಾಗ ಪಕ್ಕದಲ್ಲಿ ಇನ್ನೊಬ್ಬ ಹುಡುಗನಿರುವುದು, ಇವು ಇಲ್ಲವಾದರೆ ಮಗು ಮನೆಯ ನಾಲ್ಕು ಗೋಡೆಗಳೊಳಗೆ ಹದಿನೆಂಟಾಗುತ್ತದೆ, ತಾಯಿಯೇ ಮೇಷ್ಟರೂ ಜವಾನರೂ ಆಗಬೇಕಾಗುತ್ತದೆ. ಆದ್ದರಿಂದಲೇ ಸಂಸ್ಥೆಯು ವಿಶೇಷ ಶಾಲೆಗಳನ್ನು ತನ್ನ ಅಭ್ಯಾಸಕೇಂದ್ರಗಳನ್ನಾಗಿ ಮಾನ್ಯಮಾಡುವ ಪದ್ಧತಿಯನ್ನಿಟ್ಟುಕೊಂಡಿದೆ. ಅಂತಹ ಕೇಂದ್ರ ಹತ್ತಿರವಿದ್ದು, ಹಗಲಿನ ಹೊತ್ತು ಮಗು ಅಲ್ಲಿರುವುದಾದರೆ, ಮುಕ್ತಶಾಲೆಯಷ್ಟು ಒಳ್ಳೆಯ ಪ್ರೌಢಶಾಲೆ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಇಲ್ಲವಾದರೆ ಗಲಾಟೆಯ ನೆರೆಶಾಲೆಯೇ ಮೇಲಾದೀತು, ಅಲ್ಲಿ ಮಗುವಿನ ಭಾಷೆ ತಿಳಿದ ಒಬ್ಬರಾದರೂ ಇದ್ದ ಪಕ್ಷದಲ್ಲಿ.

ಅದನ್ನು ತಿಳಿಯುವ ಬಗೆ ಹೇಗೆ? ಪ್ರವೇಶದ ಕಾಲದಲ್ಲಿ ತೋರಿಸುವ ಗಣಕದ ಕೋಣೆ, ಬಹುಮಾನಗಳ ಕಪಾಟು ಇವುಗಳಿಂದ ಏನೂ ತಿಳಿಯದು. ಮಧ್ಯಾಹ್ನದ ಊಟದ ವೇಳೆಗೆ ಹೋಗಿ ಅಂಗಳದ ಗದ್ದಲವನ್ನು ಕೇಳಬೇಕು. ಶೌಚಾಲಯವನ್ನು ನೋಡಬೇಕು, ಏಕೆಂದರೆ ಅದರ ವಾಸನೆಯೊಂದೇ ಕೆಲವು ಮಕ್ಕಳನ್ನು ದಿನವಿಡೀ ಮೂತ್ರ ತಡೆದುಕೊಂಡಿರುವಂತೆ ಮಾಡಬಲ್ಲುದು. ಸದ್ದು ತಾಳಲಾರದಾಗ ಮಗು ಅಪ್ಪಣೆಗೆ ಕಾಯದೆ ಹೋಗಿ ಕೂರಬಹುದಾದ ಜಾಗ ಯಾವುದು, ಅಲ್ಲಿ ಯಾರಿರುತ್ತಾರೆ ಎಂದು ಕೇಳಬೇಕು. ‘ನಮ್ಮಲ್ಲಿ ಎಲ್ಲರನ್ನೂ ಒಂದೇ ರೀತಿ ನೋಡುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವ ಮುಖ್ಯೋಪಾಧ್ಯಾಯರಿಗಿಂತ, ‘ಇದು ನಮಗೆ ಹೊಸದು, ಹೇಳಿಕೊಡಿ’ ಎನ್ನುವವರನ್ನು ನಾನು ಹೆಚ್ಚು ನಂಬುತ್ತೇನೆ.

ಮುಕ್ತಶಾಲೆಯನ್ನೇ ಆರಿಸಿದವರು ಮುಂದಿನ ಎರಡು ಸಂಗತಿಗಳನ್ನು ಮರೆಯದಿರುವುದು ಲೇಸು. ಬರೆಹಗಾರನನ್ನು ಪಡೆಯುವುದಾದರೆ, ಮಗುವಿನ ಅರೆಮಾತನ್ನೂ ಮೌನವನ್ನೂ ಅವನು ಅರಿತುಕೊಳ್ಳುವಂತೆ ನಿಯಮದ ಮಿತಿಯೊಳಗೆ ಸಾಧ್ಯವಾದಷ್ಟು ಮೊದಲೇ ಪರಿಚಯ ಮಾಡಿಸಬೇಕು. ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಅಪರಿಚಿತವಾದ ಯಾವುದೋ ಶಾಲೆಯಲ್ಲಿ. ಪ್ರವೇಶಪತ್ರ ಕೈಗೆ ಬಂದೊಡನೆ ರಜೆಯ ದಿನವೊಂದರಲ್ಲಿ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಗೇಟು, ಮೆಟ್ಟಿಲು, ನೀರಿನ ನಲ್ಲಿ, ಕೂರುವ ಕೋಣೆ ಎಲ್ಲವನ್ನೂ ತೋರಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಬೇಕು.